ಬ್ರೇಕಿನ ತಪ್ಪಲ್ಲ

ಹೋದ ಭಾನುವಾರ ಮುಂಜಾನೆ ನಮ್ಮ ಓಣಿಯ ಹುಡುಗನೊಬ್ಬ ಸೈಕಲ್ ತಳ್ಳಿಕೊಂಡು ನಮ್ಮ ಮನೆಯ ಮುಂದೆ ಹೊರಟಿದ್ದ. ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡು ಅವನ ತಂಗಿ. ಹತ್ತಿ ಹೋಗೋದು ಬಿಟ್ಟು ತಳ್ಳಿಕೊಂಡು ಯಾಕೆ ಹೊರಟೆ ಅಂತ ಕೇಳಿದೆ.

"ಬ್ರೇಕ್ ಹಿಡ್ಕೊಳ್ಳಾಕತ್ತೈತ್ರಿ ಅಕ್ಕೋರ. ಗಾಲಿ ಒಂದ್ ಸುತ್ತು ತಿರುಗಿದ್ರ ಒಮ್ಮೆ ಟಕ್ ಅಂತ ನಿಂತು ಮುಂದ ಹೊಕ್ಕೈತಿ" ಅಂದ.

ನನಗೂ ನಮ್ಮ ಬೆಳಗಾವಿಯ ನೆಹರು ನಗರದ ದೊಡ್ಡ ರಸ್ತೆಯ ಕಡೆಗೇ ಕೆಲಸವಿತ್ತು. ಅವರ ಜೊತೆ ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಟು ಮತ್ತು ಹ್ಯಾಂಡಲ್ ಮೇಲೆ ನಿಲ್ಲಿಸಿ, ಹಿಂದಿನ ಗಾಲಿಯನ್ನು ಜೋರಾಗಿ ತಿರುಗಿಸಿದ. ಟಕ್, ಟಕ್, ಟಕ್. ಹುಡುಗ ಬ್ರೇಕನ್ನೇ ನೋಡುತ್ತಿದ್ದ, ಚಾಚಾನ ಕಣ್ಣು ಟೈರಿನ ಮೇಲಿತ್ತು. ಗಾಲಿ ನಿಲ್ಲಿಸಿ ಒಂದು ಕಡೆ ಬೆರಳಿಟ್ಟು ತೋರಿಸಿದ. ಟೈರಿನ ಮಗ್ಗುಲು ಒಂದು ರೂಪಾಯಿ ನಾಣ್ಯದಷ್ಟು ಉದ್ದ ಸೀಳಿತ್ತು. ಆ ಸೀಳಿನಿಂದ ಒಳಗಿನ ಕರಿ ಟ್ಯೂಬು ಬೋರೆಹಣ್ಣಿನಂತೆ ಉಬ್ಬಿ ಹೊರಗೆ ಬಂದಿತ್ತು. ಗಾಲಿ ತಿರುಗಿದಾಗಲೆಲ್ಲ ಆ ಉಬ್ಬು ಹೋಗಿ ಬ್ರೇಕ್ ರಬ್ಬರಿಗೆ ಉಜ್ಜುತ್ತಿತ್ತು.

"ಬ್ರೇಕಿಂದೇನೂ ತಪ್ಪಿಲ್ಲೋ ತಮ್ಮಾ" ಅಂದ ಚಾಚಾ. "ಪಾಪ, ಅದು ತನ್ನ ಜಾಗಾದಾಗ ಸುಮ್ನ ಐತಿ."

ವಾಪಸ್ ಬರುವಾಗ ತಂಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಅಕ್ಕೋರ, ನಮ್ಮ ಹೊಟ್ಟಿಯೊಳಗೂ ರಕ್ತದ ಟ್ಯೂಬ್ ಇರ್ತಾವಲ್ರಿ. ಅವೂ ಹಿಂಗ ಉಬ್ಬತಾವೇನ್ರಿ? ಉಬ್ಬಿದ್ರ ಯಾರಿಗೆ ಉಜ್ಜತಾವ?"

ಈ ಎರಡನೆಯ ಪ್ರಶ್ನೆ ಇದೆಯಲ್ಲ, ದೊಡ್ಡ ಡಾಕ್ಟರುಗಳು ವರ್ಷಗಟ್ಟಲೆ ತಲೆಕೆಡಿಸಿಕೊಂಡಿದ್ದೂ ಇದಕ್ಕೇ. ಅವಳಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ.

ಹೌದು ಮಕ್ಕಳೇ, ಉಬ್ಬುತ್ತವೆ. ಎಲ್ಲರಿಗೂ ಅಲ್ಲ. ನಿಮ್ಮ ವಯಸ್ಸಿನವರಿಗಂತೂ ತೀರಾ ಅಪರೂಪ. ವಯಸ್ಸಾದ ಕೆಲವರಲ್ಲಿ, ಅದರಲ್ಲೂ ಗಂಡಸರಲ್ಲಿ ಹೆಚ್ಚು.

ಮೊದಲು ಆ ಟ್ಯೂಬಿನ ಪರಿಚಯ ಮಾಡಿಕೊಳ್ಳೋಣ. ಮಳೆಗಾಲದಲ್ಲಿ ಕೊಡೆಯನ್ನು ಗೂಟಕ್ಕೆ ನೇತುಹಾಕುತ್ತೀರಲ್ಲ, ಮೇಲೆ ಬಾಗಿದ ಹಿಡಿಕೆ, ಅಲ್ಲಿಂದ ನೆಟ್ಟಗೆ ಕೆಳಗಿಳಿದ ಕೋಲು? ನಮ್ಮ ದೇಹದ ಅತಿ ದೊಡ್ಡ ರಕ್ತನಾಳದ ಆಕಾರವೂ ಹಾಗೇ. ಅದರ ಹೆಸರು ಮಹಾಪಧಮನಿ. ಹೃದಯದಿಂದ ಮೇಲಕ್ಕೆ ಹೊರಟು, ಬಾಗಿ, ಬೆನ್ನೆಲುಬಿನ ಮುಂದೆ ಕೆಳಗಿಳಿಯುತ್ತದೆ. ಹೊಟ್ಟೆಯೊಳಗೆ ಬಂದ ಮೇಲೆ ಹೊಕ್ಕುಳಿನ ಮಟ್ಟದ ಹತ್ತಿರ ಚಡ್ಡಿಯ ಎರಡು ಕಾಲಿನಂತೆ ಎರಡಾಗಿ ಒಡೆದು, ಒಂದೊಂದು ಕಾಲಿಗೆ ಒಂದೊಂದು ಹೊರಡುತ್ತದೆ. ದೊಡ್ಡವರ ಹೊಟ್ಟೆಯಲ್ಲಿ ಇದರ ಅಗಲ ಸುಮಾರು 2 ಸೆಂಟಿಮೀಟರ್, ಅಂದರೆ ನಿಮ್ಮ ಅಪ್ಪನ ಹೆಬ್ಬೆರಳಿನಷ್ಟು ದಪ್ಪ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಆ ಒಂದೊಂದು ಬಡಿತದ ಹೊಡೆತವೂ ಈ ನಾಳದ ಗೋಡೆಗೇ ಬೀಳಬೇಕು.

ಒಂದೇ ದಿನಕ್ಕೆ 1 ಲಕ್ಷ ಹೊಡೆತ, 70 ವರ್ಷ. ಕಬ್ಬಿಣದ ಪೈಪಾಗಿದ್ದರೂ ಸವೆದು ಹೋಗುತ್ತಿತ್ತು. ನಮ್ಮ ನಾಳ ತಾಳುತ್ತದೆ, ಏಕೆಂದರೆ ಅದು ಗಟ್ಟಿ ಪೈಪಲ್ಲ. ಅದರ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಸಣ್ಣ ಸಣ್ಣ ಎಳೆಗಳಿವೆ, ಪ್ಯಾಂಟಿನ ಸೊಂಟದ ಇಲಾಸ್ಟಿಕ್ ಇದ್ದಂತೆ. ರಕ್ತ ನುಗ್ಗಿದಾಗ ಹಿಗ್ಗುತ್ತವೆ, ಹೋದ ಮೇಲೆ ಕುಗ್ಗುತ್ತವೆ. ಇವುಗಳ ವಿಷಯದಲ್ಲಿ ಒಂದು ಸೋಜಿಗವಿದೆ. ಈ ಎಳೆಗಳನ್ನು ದೇಹ ನೇಯುವುದು ಹೆಚ್ಚಾಗಿ ಬಾಲ್ಯದಲ್ಲಿ, ದೊಡ್ಡವರಾದ ಮೇಲೆ ಹೊಸದಾಗಿ ನೇಯುವುದು ಬಹಳ ಕಡಿಮೆ. ನೀವು ಈಗ ಜಿಗಿದಾಡುತ್ತ, ಅನ್ನ ಸಾರು ಉಣ್ಣುತ್ತ ಇರುವಾಗ ಒಳಗೆ ತಯಾರಾಗುತ್ತಿರುವ ಇಲಾಸ್ಟಿಕ್ ನೀವು ಅಜ್ಜ ಅಜ್ಜಿ ಆಗುವ ತನಕ ಬರಬೇಕು.

ವಯಸ್ಸಾದಂತೆ ಎಳೆಗಳು ಅಲ್ಲೊಂದು ಇಲ್ಲೊಂದು ಹರಿಯುತ್ತವೆ. ಬೀಡಿ ಸಿಗರೇಟು ಸೇದುವವರಲ್ಲಿ ಇದು ಬಹಳ ಬೇಗ. ಬಿಪಿ ಜಾಸ್ತಿ ಇದ್ದರೆ ಹೊಡೆತವೂ ಜಾಸ್ತಿ. ಕೆಲವು ಮನೆತನಗಳಲ್ಲಿ ಗೋಡೆ ಹುಟ್ಟಿನಿಂದಲೇ ಸ್ವಲ್ಪ ಸೋಲು. ಸೋತ ಜಾಗದಲ್ಲಿ ನಾಳ ನಿಧಾನವಾಗಿ ಹೊರಕ್ಕೆ ಉಬ್ಬತೊಡಗುತ್ತದೆ. ಹೆಬ್ಬೆರಳಿನ ದಪ್ಪದ ನಾಳ 3 ಸೆಂಟಿಮೀಟರ್ ದಾಟಿತೆಂದರೆ ಡಾಕ್ಟರು ಅದನ್ನು ಅನ್ಯೂರಿಸಂ ಅನ್ನುತ್ತಾರೆ. ನಾವು ಉಬ್ಬು ಅಂತಲೇ ಕರೆಯೋಣ.

ಒಮ್ಮೆ ಉಬ್ಬಿದ್ದು ಅಷ್ಟಕ್ಕೇ ನಿಲ್ಲುವುದಿಲ್ಲವೇಕೆ? ಒಂದು ಪುಗ್ಗೆ ತಗೊಳ್ಳಿ. ಮೊದಲನೇ ಸಲ ಊದುವಾಗ ಕೆನ್ನೆ ನೋಯುತ್ತದೆ, ಒಮ್ಮೆ ಉಬ್ಬಿಕೊಂಡ ಮೇಲೆ ಸರಾಗ. ಕೊಳವೆ ಅಗಲವಾದಷ್ಟೂ, ಒಳಗಿನ ಒತ್ತಡ ಅಷ್ಟೇ ಇದ್ದರೂ, ಗೋಡೆಯ ಮೇಲಿನ ಎಳೆತ ಹೆಚ್ಚುತ್ತ ಹೋಗುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಸುಮಾರು 200 ವರ್ಷಗಳ ಹಿಂದೆಯೇ ಇದರ ಲೆಕ್ಕ ಕಂಡುಕೊಂಡಿದ್ದ. ಎಳೆತ ಹೆಚ್ಚಿದರೆ ಇನ್ನಷ್ಟು ಅಗಲ, ಅಗಲವಾದರೆ ಇನ್ನಷ್ಟು ಎಳೆತ. ಅದಕ್ಕೇ ಸಣ್ಣ ಉಬ್ಬಿದ್ದವರನ್ನೂ ಡಾಕ್ಟರು ಮತ್ತೆ ಮತ್ತೆ ಕರೆದು ಅಳೆಯುತ್ತಾರೆ.

ಇನ್ನು ಹುಡುಗಿಯ ಎರಡನೆಯ ಪ್ರಶ್ನೆ. ಯಾರಿಗೆ ಉಜ್ಜುತ್ತದೆ?

ಮಹಾಪಧಮನಿಯ ಎಡಕ್ಕೊಂದು ಬಲಕ್ಕೊಂದು ಮೂತ್ರಪಿಂಡ, ಅಂದರೆ ಕಿಡ್ನಿ ಇದೆ. ದೊಡ್ಡವರ ಮುಷ್ಟಿಯಷ್ಟು ದೊಡ್ಡದು. ಮಹಾಪಧಮನಿಯಿಂದಲೇ ಎರಡು ಕವಲು ಹೊರಟು ಇವಕ್ಕೆ ರಕ್ತ ಕೊಡುತ್ತವೆ. ನಿಮ್ಮ ಬಚ್ಚಲುಮನೆಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಇದೆಯೇ? ಅದರಲ್ಲಿ ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸೋಸುವ ನೀರು ಸುಮಾರು 180 ಲೀಟರ್, ಹೆಚ್ಚುಕಡಿಮೆ ಒಂದು ಡ್ರಮ್! ಸೋಸಿದ್ದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೇ ಮರಳಿಸಿ, ಬೇಡವಾದ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ.

ಆ ಒಂದೂವರೆ ಲೀಟರನ್ನು ಕಿಡ್ನಿಯಿಂದ ಕೆಳಗಿನ ಮೂತ್ರಕೋಶದ ಚೀಲಕ್ಕೆ ಒಯ್ಯುವ ಕೊಳವೆಯೇ ಮೂತ್ರನಾಳ. ನಿಮ್ಮ ಕಂಪಾಸ್ ಪೆಟ್ಟಿಗೆ ತೆಗೆಯಿರಿ. ಬಾಲ್‌ಪೆನ್ನಿನ ರೀಫಿಲ್ ಇದೆಯಲ್ಲ, ಮೂತ್ರನಾಳ ಹೆಚ್ಚುಕಡಿಮೆ ಅಷ್ಟೇ ಸಣ್ಣ, 3ರಿಂದ 4 ಮಿಲಿಮೀಟರ್. ಉದ್ದ 25ರಿಂದ 30 ಸೆಂಟಿಮೀಟರ್, ಅಂದರೆ ನಿಮ್ಮ ದೊಡ್ಡ ಸ್ಕೇಲಿನಷ್ಟು. ರೀಫಿಲ್‌ನಂತೆ ಇದು ಸುಮ್ಮನೆ ಬಿದ್ದಿರುವುದಿಲ್ಲ. ಇದಕ್ಕೂ ಸ್ನಾಯುಗಳಿವೆ. ಮೇಲಿನಿಂದ ಕೆಳಕ್ಕೆ ಅಲೆ ಅಲೆಯಾಗಿ ಹಿಂಡುತ್ತ, ನಿಮಿಷಕ್ಕೆ ಒಂದೆರಡರಿಂದ ಐದು ಸಲ, ಮೂತ್ರವನ್ನು ಹನಿಹನಿಯಾಗಿ ಮುಂದಕ್ಕೆ ದೂಡುತ್ತದೆ. ಶಾಲೆಯಲ್ಲಿ ಶೀರ್ಷಾಸನ ಮಾಡುವಾಗಲೂ ಮೂತ್ರ ತನ್ನ ಚೀಲಕ್ಕೇ ಹೋಗುವುದು ಇದರಿಂದಲೇ. ಹಗಲಿರುಳು ಇಷ್ಟು ಕೆಲಸ ಮಾಡುತ್ತದೆ, ಸದ್ದಿಲ್ಲ. ನನಗೆ ದೇಹದ ಅಂಗಗಳಲ್ಲಿ ಯಾವುದರ ಮೇಲೆ ಪ್ರೀತಿ ಅಂತ ಯಾರಾದರೂ ಕೇಳಿದರೆ ಹೃದಯ ಅನ್ನುವುದಿಲ್ಲ, ಇದರ ಹೆಸರೇ ಹೇಳುತ್ತೇನೆ.

ಈಗ ದಾರಿ ನೋಡಿ. ಮೇಲೆ, ಕಿಡ್ನಿಯ ಹತ್ತಿರ, ಮೂತ್ರನಾಳ ಮಹಾಪಧಮನಿಯಿಂದ ಸ್ವಲ್ಪ ದೂರ. ಕೆಳಗಿಳಿಯುತ್ತ ಹತ್ತಿರವಾಗುತ್ತದೆ. ಮಹಾಪಧಮನಿ ಎರಡು ಕವಲಾಗುವ ಜಾಗದ ಕೆಳಗೆ, ಆ ಕವಲನ್ನು ಮುಂದಿನಿಂದ ಅಡ್ಡ ದಾಟಿಯೇ ಚೀಲದ ಕಡೆಗೆ ಹೋಗಬೇಕು. ಹೆಬ್ಬೆರಳು ದಪ್ಪದ, ಬಡಿಯುವ ದೊಡ್ಡಣ್ಣ. ರೀಫಿಲ್‌ನಂಥ ತೆಳ್ಳಗಿನ ತಂಗಿ. ಇಬ್ಬರ ಮನೆಗೂ ನಡುವೆ ಗೋಡೆಯಿಲ್ಲ. ದೊಡ್ಡವ ಉಬ್ಬಿದರೆ ಟಕ್ ಅನ್ನುವುದು ಎಲ್ಲಿ ಅಂತ ನಿಮಗೀಗ ಗೊತ್ತಾಯಿತು.

ಈ ಒಳಗಿನ ಓಣಿಗಳ ನಕ್ಷೆ ಮನುಷ್ಯರಿಗೆ ಸಿಕ್ಕಿದ್ದು ಹೇಗೆ? ಪುಸ್ತಕದಿಂದಷ್ಟೇ ಅಲ್ಲ. ನಮ್ಮ ನೆಹರು ನಗರದಲ್ಲಿ ಬಿಳಿ ಕೋಟು ಹಾಕಿಕೊಂಡ ಅಣ್ಣ ಅಕ್ಕಂದಿರು ಓಡಾಡುವುದನ್ನು ನೀವು ದಿನಾ ನೋಡುತ್ತೀರಿ. ಅವರು ಓದುವ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಕೆಎಲ್‌ಇ ಸಂಸ್ಥೆ ಇನ್ನೂ ಹಳೆಯದು, 1916ರದು. ಅದನ್ನು ಹುಟ್ಟುಹಾಕಿದ ಏಳು ಜನರನ್ನು ಈ ಭಾಗದವರು ಇಂದಿಗೂ ಸಪ್ತರ್ಷಿಗಳು ಅನ್ನುತ್ತಾರೆ. ಡಾಕ್ಟರಾಗುವವರು ಮೊದಲ ವರ್ಷ ಅಂಗರಚನೆ ಕಲಿಯುವುದು ದೇಹದಾನ ಮಾಡಿದವರ ದೇಹದಿಂದ. ಬೈಲಹೊಂಗಲದ ವೈದ್ಯರು ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ಹಾಗೆ ಕೊಟ್ಟು ಹೋಗಿದ್ದರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅವರ ಮಗ ಡಾ. ಮಹಾಂತೇಶ ರಾಮಣ್ಣವರ ತಂದೆಯ ದೇಹವನ್ನೇ ತೆರೆದು ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಯಾವ ನಾಳ ಯಾವುದರ ಮುಂದೆ ಹೋಗುತ್ತದೆ, ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅನ್ನುವುದು ಅಂಥವರಿಂದ ತಿಳಿದ ವಿದ್ಯೆ. ಇದನ್ನು ಓದುವಾಗ ಅವರನ್ನೂ ನೆನೆಯಬೇಕು ಅಂತ ನನಗನ್ನಿಸುತ್ತದೆ.

ಈಗ ಒಬ್ಬ ಅಜ್ಜನನ್ನು ಕಲ್ಪಿಸಿಕೊಳ್ಳಿ. ಖಾನಾಪುರದವರು, ಮಲಪ್ರಭೆಯ ದಂಡೆಯ ಊರು. ಆ ಕಡೆಯ ಮಣ್ಣು ಹೆಂಚಿಗೆ, ಮಡಕೆಗೆ ಹೆಸರಾದದ್ದು. ನಮ್ಮ ಅಜ್ಜನೂ ಹೆಂಚಿನ ಭಟ್ಟಿಯಲ್ಲಿ ದುಡಿದವರು, ನಲವತ್ತು ವರ್ಷ ಬೀಡಿ ಸೇದಿದವರು. ಈಚೆಗೆ ಸೊಂಟದ ಮೇಲೆ ಪಕ್ಕೆಯಲ್ಲಿ ಮಂದ ನೋವು. ಊಟ ಸೇರುತ್ತಿಲ್ಲ, ಮೈ ಇಳಿದಿದೆ. ಮನೆಯವರೆಲ್ಲ ಒಂದೇ ಮಾತು: "ಕಿಡ್ನ್ಯಾಗ ಹರಳಿರಬೇಕು." ಆ ಊಹೆಯಲ್ಲಿ ತಪ್ಪೇನಿಲ್ಲ, ನಮ್ಮ ಬಿಸಿಲಿನ ಸೀಮೆಯಲ್ಲಿ ಹರಳಿನ ತೊಂದರೆ ಮನೆಮನೆಯಲ್ಲೂ ಇದೆ. ಮಗ ಅವರನ್ನು ರೈಲಿನಲ್ಲಿ ಬೆಳಗಾವಿಗೆ ಕರೆತಂದು ಸ್ಕ್ಯಾನಿಂಗ್ ಮಾಡಿಸುತ್ತಾನೆ.

ಕೋಣೆ ಅರೆಗತ್ತಲು. ಅಜ್ಜನ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುತ್ತಾರೆ, ಅಜ್ಜ ಒಮ್ಮೆ ಬೆಚ್ಚುತ್ತಾರೆ. ಸಾಬೂನಿನ ತುಂಡಿನಂಥ ಒಂದು ಉಪಕರಣವನ್ನು ಡಾಕ್ಟರಮ್ಮ ಪಕ್ಕೆಯ ಮೇಲೆ ಆಡಿಸುತ್ತಾರೆ. ಅದು ನಮ್ಮ ಕಿವಿಗೆ ಕೇಳದಷ್ಟು ಕೀರಲು ಸದ್ದನ್ನು ಒಳಗೆ ಕಳಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಚಿತ್ರ ಬರೆಯುತ್ತದೆ. ಬಾವಲಿ ಕತ್ತಲಲ್ಲಿ ದಾರಿ ಕಾಣುವ ಹಾಗೆ. ಪರದೆಯ ಮೇಲೆ ಕಿಡ್ನಿ ಬಂತು. ಅದರ ನಡುವೆ ಬಿಳಿಯಾಗಿ ಕಾಣಬೇಕಾದ ಜಾಗದಲ್ಲಿ ಕಪ್ಪು ಕೊಳ. ಮೂತ್ರ ಕೆಳಗೆ ಹೋಗಲಾರದೆ ಹಿಂದಕ್ಕೆ ನಿಂತು ಕಿಡ್ನಿ ಹಿಗ್ಗಿದೆ. ಮುಂದೆ ಚರಂಡಿ ಕಟ್ಟಿದರೆ ಹಿಂದಿನ ಮನೆಯಂಗಳದಲ್ಲಿ ನೀರು ನಿಲ್ಲುವುದಿಲ್ಲವೇ, ಹಾಗೆ. ಇನ್ನೊಂದು ಪಕ್ಕೆಯಲ್ಲೂ ಅದೇ. ಹರಳು ಹುಡುಕುತ್ತಾರೆ, ಕಾಣುವುದಿಲ್ಲ.

ಇಲ್ಲಿ ಡಾಕ್ಟರಮ್ಮ ನಮ್ಮ ಪಂಕ್ಚರ್ ಚಾಚಾನ ಹಾಗೆ ಮಾಡುತ್ತಾರೆ. ಉಪಕರಣವನ್ನು ಪಕ್ಕೆಯಿಂದ ಹೊಟ್ಟೆಯ ನಡುವಿಗೆ ತರುತ್ತಾರೆ. ಪರದೆಯ ಮೇಲೆ ಒಂದು ದುಂಡು ಕಪ್ಪು ವೃತ್ತ, ಹೃದಯದ ತಾಳಕ್ಕೆ ಹಿಗ್ಗುತ್ತ ಕುಗ್ಗುತ್ತ. ಅಳೆಯುತ್ತಾರೆ. 2 ಸೆಂಟಿಮೀಟರ್ ಇರಬೇಕಾದದ್ದು 5 ದಾಟಿದೆ.

ದೂರು ಹೇಳಿದ್ದು ಕಿಡ್ನಿ, ಉಬ್ಬಿದ್ದು ರಕ್ತನಾಳ.

ಹೀಗೆ ಮೂತ್ರನಾಳಕ್ಕೆ ತೊಂದರೆ ಕೊಡುವುದರಲ್ಲಿ ಎರಡು ಬಗೆಯಿದೆ. ಎರಡೂ ಒಂದಕ್ಕೊಂದು ಉಲ್ಟಾ, ಅದೇ ನನಗೆ ಅಚ್ಚರಿ. ಮೊದಲನೆಯದು ಸೀದಾ ದೂಡಾಟ. ಬಸ್ಸಿನ ಸೀಟಿನಲ್ಲಿ ದಪ್ಪ ಮನುಷ್ಯ ಬಂದು ಕೂತರೆ ನೀವು ಕಿಟಕಿಗೆ ಒತ್ತಿಕೊಳ್ಳುತ್ತೀರಲ್ಲ, ಹಾಗೆ ಉಬ್ಬು ಮೂತ್ರನಾಳವನ್ನು ಹೊರಗಡೆಗೆ ತಳ್ಳುತ್ತದೆ, ಕೆಲವೊಮ್ಮೆ ಒತ್ತಿ ಚಪ್ಪಟೆ ಮಾಡುತ್ತದೆ.

ಎರಡನೆಯದರಲ್ಲಿ ಮೂತ್ರನಾಳ ಹೊರಗೆ ಹೋಗುವ ಬದಲು ನಡುವಿಗೆ, ಉಬ್ಬಿನ ಕಡೆಗೇ ಎಳೆದುಕೊಂಡು ಬಂದಿರುತ್ತದೆ! ಎಳೆದವರು ಯಾರು? ಹಳೆಯ ಗೋಡೆಯ ಮೇಲೆ ಆಲದ ಗಿಡ ಹುಟ್ಟಿದ್ದನ್ನು ನೋಡಿದ್ದೀರಾ? ಬೇರು ಇಳಿಬಿಟ್ಟು, ಕಲ್ಲು, ಕಂಬ, ನೀರಿನ ಪೈಪು, ಏನು ಸಿಕ್ಕರೂ ತಬ್ಬಿಕೊಂಡು ಬಿಗಿಯುತ್ತದೆ. ಕೆಲವರ ಉಬ್ಬಿನ ಸುತ್ತ ಉರಿಯೂತ ಎದ್ದು, ಬಿಳಿಯ, ದಪ್ಪನೆಯ, ಗಟ್ಟಿ ಗಾಯದ ಪದರ ಬೆಳೆಯುತ್ತದೆ. ಆ ಪದರ ಕೆಲವೊಮ್ಮೆ ಅಕ್ಕಪಕ್ಕಕ್ಕೆ ಹಬ್ಬಿ ಎರಡೂ ಮೂತ್ರನಾಳಗಳನ್ನು ತಬ್ಬಿ ಬಿಗಿದು ನಡುವಿಗೆ ಸೆಳೆಯುತ್ತದೆ. ಹೊಟ್ಟೆಯ ಮಹಾಪಧಮನಿ ಉಬ್ಬಿದ 100 ಜನರಲ್ಲಿ 5ರಿಂದ 10 ಜನರಿಗೆ ಈ ಬಗೆಯ ಉಬ್ಬು ಇರುತ್ತದೆ. 1935ರಲ್ಲೇ ಬ್ರಿಟನ್ನಿನ ಜೇಮ್ಸ್ ಎಂಬ ಸರ್ಜನ್, ಹೊಟ್ಟೆಯ ರಕ್ತನಾಳದ ಉಬ್ಬಿನಿಂದ ಕಿಡ್ನಿ ಸೋತ ಒಬ್ಬ ರೋಗಿಯ ವಿಷಯ ಬರೆದಿದ್ದರು. ಈ ಎರಡನೆಯ ಬಗೆಗೆ ಉರಿಯೂತದ ಉಬ್ಬು ಎಂದು ಬೇರೆಯೇ ಹೆಸರು ಬಂದದ್ದು 1972ರಲ್ಲಿ, ಬ್ರಿಟನ್ನಿನ ವೈದ್ಯರಿಂದಲೇ. ನಮ್ಮ ಕಥೆಯ ಅಜ್ಜನಿಗೆ ಎರಡೂ ಕಿಡ್ನಿ ಹಿಗ್ಗಿದ್ದು, ಮೈ ಇಳಿದದ್ದು, ಮಂದ ನೋವು ಬಿಡದೆ ಇದ್ದದ್ದು ಈ ಬಗೆಗೇ ಹೊಂದುತ್ತದೆ.

ಗಾಯದ ಪದರ ಅಂದಾಗ ನಿಮ್ಮೆಲ್ಲರಿಗೂ ಗೊತ್ತಿರುವ ಒಬ್ಬ ದೊಡ್ಡ ಮನುಷ್ಯನ ಕಥೆ ಹೇಳಲೇಬೇಕು. ಕೂದಲು ಕೆದರಿದ, ನಾಲಿಗೆ ಚಾಚಿದ ಫೋಟೋದ ವಿಜ್ಞಾನಿ, ಆಲ್ಬರ್ಟ್ ಐನ್‌ಸ್ಟೈನ್. ಅವರಿಗೂ ಹೊಟ್ಟೆಯ ಮಹಾಪಧಮನಿಯಲ್ಲಿ ಉಬ್ಬಿತ್ತು. 1948ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರುಡಾಲ್ಫ್ ನಿಸೆನ್ ಎಂಬ ಸರ್ಜನ್ ಅವರ ಹೊಟ್ಟೆ ತೆರೆದು ನೋಡಿದರು. ಸಣ್ಣ ಚಕ್ಕೋತ ಹಣ್ಣಿನಷ್ಟು ಉಬ್ಬು. ಆಗ ಉಬ್ಬಿದ ನಾಳ ತೆಗೆದು ಬೇರೆ ಹಾಕುವ ವಿದ್ಯೆ ಇನ್ನೂ ಬಂದಿರಲಿಲ್ಲ. ನಿಸೆನ್ ಏನು ಮಾಡಿದರು ಗೊತ್ತೇ? ಉಬ್ಬಿಗೆ ಸೆಲೋಫೇನ್ ಹಾಳೆ ಸುತ್ತಿದರು. ಹೌದು, ಹುಟ್ಟುಹಬ್ಬದ ಕಾಣಿಕೆಗೆ ಸುತ್ತುತ್ತಾರಲ್ಲ, ಚರಚರ ಅನ್ನುವ ಆ ಹಾಳೆಯ ಜಾತಿಯದೇ. ಅದು ಸುತ್ತಲಿನ ಮಾಂಸಕ್ಕೆ ಕಿರಿಕಿರಿ ಮಾಡುತ್ತದೆ, ಕಿರಿಕಿರಿಗೆ ದೇಹ ಗಟ್ಟಿ ಗಾಯದ ಪದರ ಬೆಳೆಸುತ್ತದೆ, ಆ ಪದರ ಉಬ್ಬಿಗೆ ಕವಚದಂತೆ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಐನ್‌ಸ್ಟೈನ್ ಆಮೇಲೆ 6 ವರ್ಷಕ್ಕೂ ಹೆಚ್ಚು ಬದುಕಿದರು, ಲೆಕ್ಕ ಬರೆಯುತ್ತಲೇ ಇದ್ದರು. ಖಾನಾಪುರದ ಅಜ್ಜನ ಮೂತ್ರನಾಳವನ್ನು ಬಿಗಿದದ್ದೂ ಗಾಯದ ಪದರವೇ, ಐನ್‌ಸ್ಟೈನ್‌ರ ನಾಳಕ್ಕೆ ಆಸರೆಯಾಗಲೆಂದು ಬೆಳೆಸಿದ್ದೂ ಅಂಥದೇ ಪದರ. ದೇಹಕ್ಕೆ ಗೊತ್ತಿರುವುದು ಬಿಗಿಯುವುದೊಂದೇ. ತಾನು ಯಾರನ್ನು ಬಿಗಿಯುತ್ತಿದ್ದೇನೆ ಅನ್ನುವುದು ಅದಕ್ಕೆ ತಿಳಿಯದು.

1955ರ ಏಪ್ರಿಲ್‌ನಲ್ಲಿ ಆ ಉಬ್ಬು ಸೋರತೊಡಗಿತು. ಆಗಿನ ನೋವು ಪಿತ್ತಕೋಶದ ಕಾಯಿಲೆಯ ನೋವಿನಂತೆಯೇ ಇತ್ತು. ಇನ್ನೊಂದು ಆಪರೇಷನ್ ಬೇಡವೆಂದು ಐನ್‌ಸ್ಟೈನ್ ಹೇಳಿದರು, ಏಪ್ರಿಲ್ 18ರಂದು ತೀರಿಕೊಂಡರು. 76 ವರ್ಷ. ಉಬ್ಬು ಪಿತ್ತಕೋಶದ ಕಾಯಿಲೆಯ ವೇಷ ಹಾಕಿ ಬಂದರೆ ಡಾಕ್ಟರು ಅದನ್ನು ಇಂದಿಗೂ ಐನ್‌ಸ್ಟೈನ್ ಚಿಹ್ನೆ ಅನ್ನುತ್ತಾರೆ.

ಇನ್ನೊಂದು ವೇಷವಿದೆ, ಕಿಡ್ನಿ ಹರಳಿನದು. ಉಬ್ಬು ಹಿಂಭಾಗದಲ್ಲಿ ಸೀಳಿ ರಕ್ತ ಬೆನ್ನಿನ ಕಡೆಗೆ ಸೋರಿದರೆ ಪಕ್ಕೆಯಲ್ಲಿ ಏಳುವ ನೋವು ಥೇಟ್ ಹರಳಿನ ನೋವಿನಂತೆ, ತೊಡೆಯ ಸಂದಿನವರೆಗೂ ಹರಿಯುತ್ತದೆ. ಮೂತ್ರದಲ್ಲಿ ಸ್ವಲ್ಪ ರಕ್ತವೂ ಕಾಣಬಹುದು. ಹಾಗಾಗಿ ವಯಸ್ಸಾದವರಿಗೆ ಜೀವನದಲ್ಲಿ ಮೊದಲ ಸಲ ಹರಳಿನಂಥ ನೋವು ಬಂದರೆ ಮೊದಲು ಮಹಾಪಧಮನಿಯನ್ನು ನೋಡಿ ಅಂತ ಬಿಳಿ ಕೋಟಿನ ಅಣ್ಣ ಅಕ್ಕಂದಿರಿಗೆ ಪಾಠವಿದೆ. ಮನೆಯಲ್ಲಿ ಅಜ್ಜ ಅಜ್ಜಿಗೆ ಇದ್ದಕ್ಕಿದ್ದಂತೆ ಹೊಟ್ಟೆಯಲ್ಲೋ ಬೆನ್ನಿನಲ್ಲೋ ಜೋರು ನೋವು ಬಂದು, ಬೆವರಿ, ಬಿಳಿಚಿಕೊಂಡು, ತಲೆ ಸುತ್ತಿ ಬಂದರೆ ಕಷಾಯ ಕಾಸುತ್ತ ಕೂರುವ ಹೊತ್ತಲ್ಲ ಅದು. ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿಸಿ.

ಇಲ್ಲಿಗೆ ಬರುವ ಹೊತ್ತಿಗೆ ಹುಡುಗನ ಮುಖ ಸಣ್ಣದಾಗಿತ್ತು. "ಆ ಖಾನಾಪುರದ ಅಜ್ಜ ಆರಾಮ ಆಗ್ತಾರೇನ್ರಿ ಅಕ್ಕೋರ?" ಅಂದ. ಕಲ್ಪನೆಯ ಅಜ್ಜನ ಮೇಲೂ ಅವನಿಗೆ ಅಷ್ಟು ಅಕ್ಕರೆ. ಆಗುತ್ತಾರೆ ತಮ್ಮಾ, ಬಹಳ ಜನ ಆಗುತ್ತಾರೆ.

ಮೊದಲು ಮೂತ್ರಕ್ಕೆ ದಾರಿ ಮಾಡಬೇಕು. ಎರಡೂ ತುದಿ ಕೊಕ್ಕೆಯಂತೆ ಸುರುಳಿಯಾದ, ಮೆತ್ತನೆಯ, ಸಣ್ಣ ಪ್ಲಾಸ್ಟಿಕ್ ಕೊಳವೆಯೊಂದಿದೆ, ಹೆಸರು ಡಬಲ್ ಜೆ ಸ್ಟೆಂಟ್. ಹೊಟ್ಟೆ ಕೊಯ್ಯದೆ, ಮೂತ್ರ ಹೊರಬರುವ ದಾರಿಯಿಂದಲೇ ಒಳಗೆ ಹೋಗಿ ಅದನ್ನು ಮೂತ್ರನಾಳದೊಳಗೆ ಏರಿಸುತ್ತಾರೆ. ಮೇಲಿನ ಕೊಕ್ಕೆ ಕಿಡ್ನಿಯಲ್ಲಿ, ಕೆಳಗಿನ ಕೊಕ್ಕೆ ಚೀಲದಲ್ಲಿ, ಅದಕ್ಕೇ ಜಾರುವುದಿಲ್ಲ. ಆಲದ ಬೇರಿನಂಥ ಆ ಪದರ ಹೊರಗಿನಿಂದ ಎಷ್ಟೇ ಬಿಗಿದರೂ ಒಳಗೆ ದಾರಿ ತೆರೆದಿರುತ್ತದೆ. ನಿಂತ ನೀರು ಇಳಿಯುತ್ತದೆ, ಕಿಡ್ನಿ ಉಸಿರಾಡುತ್ತದೆ. ಉರಿಯೂತ ತಗ್ಗಿಸುವ ಔಷಧಿಯನ್ನೂ ಕೆಲವರಿಗೆ ಕೊಡುತ್ತಾರೆ.

ಆಮೇಲೆ ಉಬ್ಬು. ಸಣ್ಣದಿದ್ದರೆ ಬೀಡಿ ಬಿಡಿಸಿ, ಬಿಪಿ ಹಿಡಿತಕ್ಕೆ ತಂದು, ಅಳೆಯುತ್ತ ಕಾಯುತ್ತಾರೆ. ಗಂಡಸರಲ್ಲಿ 5.5 ಸೆಂಟಿಮೀಟರ್, ಹೆಂಗಸರಲ್ಲಿ 5ರ ಹತ್ತಿರ ಬಂದರೆ ರಿಪೇರಿಯ ಮಾತು. 1951ರಲ್ಲಿ ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ದ್ಯುಬೋ ಎಂಬ ಸರ್ಜನ್ ಉಬ್ಬಿದ ಭಾಗ ತೆಗೆದು, ತೀರಿಹೋದ ಒಬ್ಬರ ರಕ್ತನಾಳವನ್ನು ಅಲ್ಲಿ ಜೋಡಿಸಿದರು. ಐನ್‌ಸ್ಟೈನ್‌ಗೆ ಸೆಲೋಫೇನ್ ಸುತ್ತಿ ಎರಡೂವರೆ ವರ್ಷವೂ ಆಗಿರಲಿಲ್ಲ. ಆದರೆ ಎಲ್ಲರಿಗೂ ಅಂಥ ನಾಳ ಎಲ್ಲಿಂದ ತರುವುದು? ಅಮೆರಿಕದ ಹ್ಯೂಸ್ಟನ್ ಊರಿನ ಸರ್ಜನ್ ಮೈಕೆಲ್ ಡಿಬೇಕಿ ಬಟ್ಟೆ ಅಂಗಡಿಗೆ ಹೋದರು. ಚಿಕ್ಕಂದಿನಲ್ಲಿ ತಾಯಿಯಿಂದ ಹೊಲಿಗೆ ಕಲಿತಿದ್ದವರು. ನೈಲಾನ್ ಕೇಳಿದರೆ ಮುಗಿದಿದೆ, ಹೊಸದಾಗಿ ಬಂದ ಡೆಕ್ರಾನ್ ಇದೆ ಅಂದರಂತೆ ಅಂಗಡಿಯವರು. ಅದನ್ನೇ ತಂದು ಮನೆಯ ಹೊಲಿಗೆ ಯಂತ್ರದಲ್ಲಿ ಕೊಳವೆಯಾಗಿ ಹೊಲಿದರು. ಡೆಕ್ರಾನ್ ಅಂದರೆ ಪಾಲಿಯೆಸ್ಟರ್, ನಿಮ್ಮ ಯೂನಿಫಾರ್ಮಿನ ಬಟ್ಟೆಯಲ್ಲಿ ಬೆರೆಸುವ ಅದೇ ನೂಲು. ನಮ್ಮ ಶಹಾಪುರ, ವಡಗಾವಿಯ ನೇಕಾರ ಓಣಿಗಳಲ್ಲಿ ಮಗ್ಗದ ಸದ್ದು ಕೇಳಿದಾಗ ನನಗೆ ಇದು ನೆನಪಾಗುತ್ತದೆ: ಎಲಾಸ್ಟಿನ್ ಎಳೆ ಹರಿದ ಜಾಗಕ್ಕೆ ಮನುಷ್ಯ ತನ್ನ ಕೈಯಾರೆ ನೇಯ್ದ ಎಳೆ.

1990ರಲ್ಲಿ ಅರ್ಜೆಂಟೀನಾದ ಹ್ವಾನ್ ಪರೋಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೊಟ್ಟೆಯನ್ನೇ ತೆರೆಯದೆ, ತೊಡೆಯ ಸಂದಿನ ರಕ್ತನಾಳದಿಂದ ಮಡಚಿದ ಬಟ್ಟೆಯ ಕೊಳವೆಯನ್ನು ಮೇಲಕ್ಕೆ ಕಳಿಸಿ, ಉಬ್ಬಿನೊಳಗೆ ಅರಳಿಸಿದರು. ಹರಿದ ಟೈರಿನೊಳಗೆ ಇನ್ನೊಂದು ಟೈರಿನ ತುಂಡು ಕೊಟ್ಟು ಕೂರಿಸುತ್ತಾರಲ್ಲ, ಹಾಗೆ.

ರಿಪೇರಿ ಮಾಡುವ ಸರ್ಜನ್ನಿಗೆ ಮೂತ್ರನಾಳದ ಚಿಂತೆ ಆಗಲೂ ತಪ್ಪದು. ಗಾಯದ ಪದರದೊಳಗೆ ಹೂತುಹೋದ ನಾಳ ಕಣ್ಣಿಗೆ ಕಾಣದೆ ಕತ್ತರಿಗೆ ಸಿಕ್ಕಬಾರದು. ಕಿಡ್ನಿಗೆ ರಕ್ತ ಒಯ್ಯುವ ಕವಲು ಮುಚ್ಚಬಾರದು. ಕೆಲವರಲ್ಲಂತೂ ಹುಟ್ಟಿನಿಂದಲೇ ಎರಡು ಕಿಡ್ನಿಗಳೂ ಕೆಳಗೆ ಕೂಡಿಕೊಂಡು ಕುದುರೆ ಲಾಳದ ಆಕಾರದಲ್ಲಿ ಮಹಾಪಧಮನಿಯ ಮುಂದೆಯೇ ಅಡ್ಡ ಕೂತಿರುತ್ತವೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ, ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ! ಆಪರೇಷನ್ನಿಗೆ ಮೊದಲು ಸಿಟಿ ಸ್ಕ್ಯಾನ್ ಮಾಡಿ ಓಣಿಯ ನಕ್ಷೆಯನ್ನು ಇನ್ನೊಮ್ಮೆ ನೋಡಿಕೊಳ್ಳುವುದು ಇದಕ್ಕೇ.

ಸಂಜೆ ಅಣ್ಣ ತಂಗಿ ಇಬ್ಬರೂ ನಮ್ಮ ಮನೆಯ ಮಾಳಿಗೆಗೆ ಬಂದರು. ಸೈಕಲ್ಲಿಗೆ ಹೊಸ ಟೈರ್ ಹಾಕಿಯಾಗಿತ್ತು. ಚಾಚಾ ಬ್ರೇಕನ್ನು ಮುಟ್ಟಲೇ ಇಲ್ಲವಂತೆ, ಗಾಲಿ ಸದ್ದಿಲ್ಲದೆ ತಿರುಗುತ್ತದಂತೆ. ಹುಡುಗಿಗೆ ಮಾತ್ರ ಇನ್ನೊಂದು ಹೆದರಿಕೆ. ಅಣ್ಣ ಅಂಗಾತ ಮಲಗಿದರೆ ಹೊಟ್ಟೆಯ ಮೇಲೆ ಏನೋ ಡವಡವ ಬಡಿಯುತ್ತದೆ, ಅವನಿಗೂ ಉಬ್ಬಿದೆಯೇ?

ಇಲ್ಲ ಮಗಳೇ. ತೆಳ್ಳಗಿನ ಮಕ್ಕಳಲ್ಲಿ ಮಹಾಪಧಮನಿಯ ಬಡಿತ ಕೈಗೆ ಸಿಗುವುದು ಸಹಜ. ಬೇಕಾದರೆ ನೋಡೋಣ ಅಂದೆ. ಹುಡುಗ ಮಲಗಿದ. ಗಣಪತಿ ಮಾಡಿ ಉಳಿದಿದ್ದ ಜೇಡಿಮಣ್ಣಿನಲ್ಲಿ ಬಟಾಣಿಯಷ್ಟು ತೆಗೆದು, ಅದಕ್ಕೆ ಹಳೆಯ ರೀಫಿಲ್ ಚುಚ್ಚಿ, ಅವನ ಹೊಕ್ಕುಳಿಗಿಂತ ಎರಡು ಬೆರಳು ಮೇಲೆ ಮೆತ್ತಿದೆವು. ಉಸಿರು ಹಿಡಿ ಅಂದೆವು. ರೀಫಿಲ್‌ನ ತುದಿ ಕ್ಷಣ ಸುಮ್ಮನಿದ್ದು, ಆಮೇಲೆ ಸಣ್ಣಗೆ ತಲೆಯಾಡಿಸತೊಡಗಿತು. ತಂಗಿ ಬಗ್ಗಿ ಕೂತು ಎಣಿಸಿದಳು. ಒಂದು, ಎರಡು, ಮೂರು... ಹತ್ತೊಂಬತ್ತಕ್ಕೆ ಬಂದಾಗ ಅವನು ಉಸಿರು ತಡೆಯಲಾರದೆ ನಕ್ಕುಬಿಟ್ಟ, ರೀಫಿಲ್ ಉರುಳಿ ಬಿತ್ತು.

"ಈಗ ನಂದು ನೋಡ್ರಿ ಅಕ್ಕೋರ" ಅನ್ನುತ್ತ ಅವಳು ಮಲಗಿದಳು.